ಮಗಳ ತಲೆ ಮುಟ್ಟಿ ಇಟ್ಟ ಆಣೆ

ಇವತ್ತು ಬೆಳಗ್ಗೆ ಹಾಸನದ ಸಂತೆಯಿಂದ ಬರುವಾಗ ಗೊಬ್ಬರದಂಗಡಿಯವನೊಬ್ಬ ಒಡೆದ ಪೊಟ್ಟಣದ ಹಳದಿ ಪುಡಿಯನ್ನು ಗುಡಿಸುತ್ತಿದ್ದ. ಬಿತ್ತನೆ ಆಲೂಗಡ್ಡೆಯನ್ನು ಹೋಳು ಮಾಡಿ, ಕೊಳೆಯದಿರಲೆಂದು ಬೆರೆಸುತ್ತಾರಲ್ಲ, ಆ ಔಷಧಿ. ನೀವು ಈ ಕಡೆಯವರಾದರೆ ಅದರ ಘಾಟು ನಿಮಗೂ ಗೊತ್ತು. ನನಗೆ ಅದು ಮೂಗಿಗೆ ಬಿದ್ದರೆ ಅಕ್ಕನ ಕೈ ನೆನಪಾಗುತ್ತದೆ.

ಅಕ್ಕನನ್ನು ಕಟ್ಟಾಯದ ಹತ್ತಿರದ ಬೇಸಾಯದ ಮನೆಗೆ ಕೊಟ್ಟಿದ್ದರು. ನಾನೋ, ಕಾಫಿ ಕುಡಿದ ಲೋಟ ಕಿಟಕಿಯಲ್ಲೇ ಬೂಸ್ಟು ಹಿಡಿಯುವ ತನಕ ಬಿಡುವ ಜಾಯಮಾನದವಳು. ಹಾಗಾಗಿ ಅವಳು ಹೊಲದಿಂದ ಬಂದು ಬಚ್ಚಲಲ್ಲಿ ತಾಸುಗಟ್ಟಲೆ ಕೈ ತಿಕ್ಕುವುದು ನನಗೆ ದೊಡ್ಡ ಗುಣದಂತೆಯೇ ಕಂಡಿತ್ತು. ಅವಳ ಅತ್ತೆಯಂತೂ ಇಂಥ ಚೊಕ್ಕ ಸೊಸೆ ಊರಲ್ಲೇ ಇಲ್ಲವೆಂದು ನೆಂಟರ ಮುಂದೆಲ್ಲ ಹೊಗಳುತ್ತಿದ್ದರು. ಬೆರಳ ಸಂದು ಒಡೆದು ರಕ್ತ ಜಿನುಗುವಾಗಲೂ ಹೊಗಳಿಕೆ ನಿಂತಿರಲಿಲ್ಲ. ಕಾಯಿಲೆ ಒಳ್ಳೆಯ ಹೆಸರು ಹೊತ್ತು ಮನೆಗೆ ಬಂದರೆ ಯಾರು ತಾನೆ ಗುರುತು ಹಿಡಿಯುತ್ತಾರೆ?

ಒಂದು ದಿನ ಕೊಟ್ಟಿಗೆಯ ಹಿಂದೆ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು. ಮುದ್ದೆ ಕಟ್ಟುವಾಗಲೆಲ್ಲ ಕಣ್ಣಿಗೆ ಒಂದು ಚಿತ್ರ ಬರುತ್ತದಂತೆ. ಉಗುರಿನಲ್ಲಿ ಉಳಿದ ಔಷಧಿ ಮುದ್ದೆಗೆ ಸೇರಿ, ಮಗಳು ಚೈತ್ರ ತಟ್ಟೆಯ ಮುಂದೆಯೇ ಒರಗಿದ ಹಾಗೆ. "ಸುಳ್ಳು ಅಂತ ನಂಗೂ ಗೊತ್ತು ಕಣೆ. ಗೊತ್ತಿದ್ದೂ ಬಿಡಾಕಾಯ್ತಿಲ್ಲ" ಎಂದಳು. ಮಗಳನ್ನು ಯಾರಾದರೂ ಗದರಿದರೂ ಸಹಿಸದ ಹೆಂಗಸು ಅವಳು. ಜೀವಕ್ಕಿಂತ ಹೆಚ್ಚಾದದ್ದನ್ನೇ ಹುಡುಕಿಕೊಂಡು ಹೋಗಿ ಹಿಡಿಯುತ್ತದೆ ಈ ದರಿದ್ರ ಕಾಯಿಲೆ.

ಭಾವ ಒಳ್ಳೆಯವರು. ದಿನವಿಡೀ ಅವಳು ಕೈ ಚಾಚಿ, ಏನೂ ಅಂಟಿಲ್ಲ ಅಲ್ವಾ ಎಂದು ಕೇಳಿದರೆ, ಎತ್ತು ಕಟ್ಟುವುದನ್ನು ಬಿಟ್ಟು ಬಂದಾದರೂ ನೋಡಿ ಹೇಳುತ್ತಿದ್ದರು. ಬರೀ ಮಾತು ಸಾಲದಾದಾಗ ನನ್ನಾಣೆ ಎಂದರು. ಅದೂ ಸಾಲದಾದಾಗ ಮನೆದೇವರ ಆಣೆ. ನಮ್ಮ ಊರುಗಳ ರೀತಿ ನಿಮಗೆ ಗೊತ್ತಲ್ಲ, ಬದುವಿನ ಜಗಳವಾಗಲಿ ಕೋಳಿ ಕದ್ದ ಗುಮಾನಿಯಾಗಲಿ, ಆಣೆ ಬಿದ್ದರೆ ಮಾತು ಮುಗಿಯಿತು. ಆಮೇಲೆ ಯಾರೂ ಉಸಿರೆತ್ತುವುದಿಲ್ಲ. ಅನುಮಾನಕ್ಕೆ ನಮಗೆ ಗೊತ್ತಿದ್ದ ಔಷಧಿ ಅದೊಂದೇ.

ಆ ವರ್ಷ ಬಿತ್ತನೆಯ ಹೊತ್ತಿನಲ್ಲಿ ನಾನು ಅಲ್ಲೇ ಇದ್ದೆ. ಮಾಡಿದ ಅಡುಗೆಯನ್ನೆಲ್ಲ ಅಕ್ಕ ತಿಪ್ಪೆಗೆ ಸುರಿದಿದ್ದಳು, ಆಳುಗಳು ಹಸಿದು ಕೂತಿದ್ದರು. ಭಾವ ಚೈತ್ರಳನ್ನು ಎಳೆದು ನಿಲ್ಲಿಸಿ ಅವಳ ನೆತ್ತಿಯ ಮೇಲೆ ಅಂಗೈ ಇಟ್ಟರು.

"ಈ ಮಗೀನ್ ತಲೆ ಮುಟ್ಟಿ ಯೋಳ್ತೀನಿ, ನಿನ್ ಕೈಲಿ ಏನೂ ಇಲ್ಲ ಕಣಮ್ಮಿ."

ಅದಕ್ಕಿಂತ ದೊಡ್ಡ ಆಣೆ ನಮ್ಮಲ್ಲಿಲ್ಲ. ಅಕ್ಕನ ಮುಖ ತಿಳಿಯಾಯಿತು. ಮತ್ತೆ ಒಲೆ ಹಚ್ಚಿದಳು, ಎಲ್ಲರಿಗೂ ಬಡಿಸಿದಳು, ನನ್ನನ್ನು ಗೇಲಿ ಕೂಡ ಮಾಡಿದಳು. ಇನ್ನು ಮುಗಿಯಿತು ಎಂದುಕೊಂಡೆವು. ಸಂಜೆಯ ಹೊತ್ತಿಗೆ ಅವಳು ಗೋಡೆಗೊರಗಿ ನಡುಗುತ್ತಿದ್ದಳು. ಭಾವ ಉಗುರಿನ ಒಳಗೆ ಸರಿಯಾಗಿ ನೋಡಲೇ ಇಲ್ಲವಂತೆ. ಹಾಗಾದರೆ ಆಣೆ ಸುಳ್ಳಾಯಿತು. ಸುಳ್ಳಾಣೆ ಯಾರಿಗೆ ತಟ್ಟುತ್ತದೆ? ತಲೆ ಕೊಟ್ಟು ನಿಂತವಳಿಗೆ.

ಅಂದಿನಿಂದ ಅಕ್ಕ ಮಗಳನ್ನು ಮುಟ್ಟಲಿಲ್ಲ. ಚೈತ್ರಳಿಗೆ ಭಾವ ಜಡೆ ಹಾಕುವುದನ್ನು ಕಲಿತರು, ಸೊಟ್ಟ ಜಡೆ. ಮಗು ಅಮ್ಮ ಎಂದು ಹತ್ತಿರ ಬಂದರೆ ಅಕ್ಕ ಕೈಗಳನ್ನು ಸೆರಗಿನೊಳಗೆ ಸುತ್ತಿ ಹಿಂದೆ ಸರಿಯುತ್ತಿದ್ದಳು. ಅರಕಲಗೂಡಿನ ಕಡೆ ಯಾರೋ ಗಾಳಿ ಬಿಡಿಸುತ್ತಾರೆಂದು ಹೋಗಿ, ತಾಯಿತ ಕಟ್ಟಿಸಿ, ವರ್ಷಗಳೇ ಕಳೆದವು.

ಕೊನೆಗೆ ಹಾಸನದ ಆಸ್ಪತ್ರೆಯ ಡಾಕ್ಟರಮ್ಮ ಅದಕ್ಕೆ ಹೆಸರು ಹೇಳಿದರು. ಗೀಳು ಕಾಯಿಲೆ, ಓಸಿಡಿ. ಇದು ಗಾಳಿಯೂ ಅಲ್ಲ, ಕೊಬ್ಬೂ ಅಲ್ಲ, ಮಾತ್ರೆಗೂ ಮನಸ್ಸಿಗೆ ಕೊಡುವ ತರಬೇತಿಗೂ ಬಗ್ಗುತ್ತದೆ, ಬೇಗ ಬಂದಷ್ಟೂ ಒಳ್ಳೆಯದು ಎಂದರು. ಆಮೇಲೆ ಭಾವನ ಕಡೆ ತಿರುಗಿ, ಕೇಳಿದಾಗಲೆಲ್ಲ ನೀವು ಕೊಡುತ್ತಿದ್ದ ಸಮಾಧಾನವೇ ಅದಕ್ಕೆ ಮೇವು ಎಂದರು. ಭಾವ ಕತ್ತು ಬಗ್ಗಿಸಿ ಕೂತರು. ಪ್ರೀತಿಯಿಂದ ಮಾಡಿದ್ದೇ ಹೀಗಾಯಿತೆಂದರೆ ಮನುಷ್ಯ ಯಾರ ಮುಂದೆ ಹೋಗಿ ಅಳಬೇಕು?

ಅಕ್ಕನ ಕೈ ಈಗ ವಾಸಿಯಾಗಿದೆ. ಮನೆಯವರಿಗೆಲ್ಲ ಅಡುಗೆ ಮಾಡಿ ಹಾಕುತ್ತಾಳೆ. ಆದರೆ ಚೈತ್ರ ಆಗಲೇ ಬೆಳೆದುಬಿಟ್ಟಿದ್ದಳು. ತಾಯಿಮಗಳು ಈಗಲೂ ಎದುರುಬದುರು ಕೂತು ನೆಂಟರ ಹಾಗೆ ಮಾತಾಡುತ್ತಾರೆ.

ಚೈತ್ರ ಈಗ ಚನ್ನರಾಯಪಟ್ಟಣದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಳೆ. ಹೋದ ಭಾನುವಾರ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಟ್ಟಾಯಕ್ಕೆ ಹೋಗಿಬಂದಳು. ಬೆಳಗ್ಗೆ ಆ ಗೊಬ್ಬರದಂಗಡಿಯ ಮುಂದೆ ನಿಂತಿದ್ದಾಗಲೇ ಅವಳ ಫೋನು ಬಂತು. ವಾರದಿಂದ ದಿನಾ ಬರುತ್ತಿದೆ, ಅದೇ ಪ್ರಶ್ನೆ. ಹುಡುಗಿಗೆ ಗಾಡಿಯ ಭಯ ಎಂದುಕೊಂಡು ನಾನೂ ದಿನಾ ಉತ್ತರ ಕೊಟ್ಟಿದ್ದೆ.

"ಚಿಕ್ಕಿ, ಬರುವಾಗ ಯಾರ್ಗೂ ಗುದ್ದಿಲ್ಲ ಅಲ್ವಾ? ವಾಪಸ್ ಓಗಿ ರೋಡ್ ಪೂರ್ತಿ ನೋಡ್ಕಂಡ್ ಬಂದೆ, ಆದ್ರೂ ಗ್ಯಾರಂಟಿ ಆಯ್ತಿಲ್ಲ. ಒಂದ್ಸಲ ನನ್ನಾಣೆ ಅನ್ನು, ಸಾಕು."

ಅಂಗಡಿಯ ಜಗುಲಿಯ ಮೇಲೆ ಕೂತೆ. ಯಾರಿಗೂ ಗುದ್ದಿರಲಿಲ್ಲ. ಒಂದು ಮಾತು ಹೇಳಿದರೆ ಆ ಹುಡುಗಿ ಮಧ್ಯಾಹ್ನದವರೆಗಾದರೂ ನೆಮ್ಮದಿಯಾಗಿರುತ್ತಿದ್ದಳು.

"ಆಣೆ ಇಡಲ್ಲ ಕಣೆ. ನಾಳೆ ಡಾಕ್ಟರಮ್ಮನ್ ತಾವ ಇಬ್ರೂ ಓಗನ" ಎಂದೆ.



"ಅಂಗಾರೆ ಗುದ್ದಿದೀನಿ" ಎಂದು ಫೋನಿಟ್ಟಳು.

ನಾಳೆಯವರೆಗೆ ಕಾಯಲು ಧೈರ್ಯ ಬರಲಿಲ್ಲ. ಈಗ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತಿದ್ದೇನೆ. ಬಾಗಿಲು ತೆಗೆದ ತಕ್ಷಣ ಅವಳು ಅದನ್ನೇ ಕೇಳುತ್ತಾಳೆ. ಅವಳ ಮುಖ ನೋಡಿಯೂ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗುತ್ತದೆಯೇ?