ಗಿರಿಜಳ ಕಾಯಿ

ಇಂಥ ವಿಷಯ ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಮಾಯಸಂದ್ರದ ರಸ್ತೆಯಲ್ಲಿ ಸತ್ತ ದೊಡ್ಡಪ್ಪ ಎದುರಿಗೆ ಬಂದು ಬೀಡಿ ಕೇಳಿದರು ಎಂದು ಒಬ್ಬರು ನಮ್ಮ ಕೊಬ್ಬರಿ ಮಂಡಿಯಲ್ಲಿ ಕೂತು ಹೇಳಿದಾಗ, "ಬೆಂಕಿಪೊಟ್ಟಣ ಕೇಳಲಿಲ್ವಾ?" ಎಂದು ಎಲ್ಲರೆದುರಿಗೆ ಅವರ ಮಾನ ತೆಗೆದಿದ್ದೆ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ, ತುರುವೇಕೆರೆ ಪಕ್ಕದಲ್ಲಿ ಮನೆ, ತೋಟ. ದಿನವಿಡೀ ಕಾಯಿ, ಚೀಲ, ತಕ್ಕಡಿ ನೋಡುವವನಿಗೆ ದೆವ್ವದ ಕಡೆ ಗಮನ ಕೊಡಲು ಪುರುಸೊತ್ತೂ ಇರುವುದಿಲ್ಲ. ಈಗ ನನ್ನದೇ ಕಥೆ ಹೇಳಲು ಕೂತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು, ನನ್ನ ತಕರಾರಿಲ್ಲ.

ಗಿರಿಜ ನನ್ನ ತಂಗಿ. ನನಗಿಂತ ತುಂಬ ಚಿಕ್ಕವಳು, ಎತ್ತಿ ಆಡಿಸಿದವನು ನಾನು. ಮದುವೆ ಬೇಡ ಎಂದು ಹಟ ಹಿಡಿದು ಗಣಿತ ಓದಿದಳು, ಕಾಲೇಜಿನಲ್ಲಿ ಪಾಠ ಹೇಳಿದಳು, ಕೊನೆಗೆ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದ ಕಾಲೇಜೊಂದಕ್ಕೆ ಹೋದಳು. ಆಫ್ರಿಕಾ ಎಂದರೆ ಸಿಂಹ ಮತ್ತು ಬಿಸಿಲು ಎಂದುಕೊಂಡಿದ್ದ ನಾನು ಹೊರಡುವಾಗ ಛತ್ರಿ ಕೊಟ್ಟಿದ್ದೆ. ಹೋದವಳು ಫೋನ್ ಮಾಡಿ, "ಇಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿದೀನಿ ಕಣಣ್ಣ. ನಿನ್ ಛತ್ರಿ ಬಿಸಿಲಿಗಲ್ಲ, ಮಳೆಗೆ ಬೇಕಾಯ್ತು" ಎಂದು ನಕ್ಕಳು. ಅದು ಬೆಟ್ಟದ ಮೇಲಿನ ಊರು, ನಮ್ಮ ಮಳೆಗಾಲದ ತಿಂಗಳುಗಳಲ್ಲಿ ಅಲ್ಲೂ ಬಿಡದೆ ಸುರಿಯುತ್ತದೆ ಎಂದು ನನಗೆ ತಿಳಿದದ್ದು ಹಾಗೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಹಾಗೆಯೇ ಅಟ್ಟಕ್ಕೆ ಹಾಕುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರಿರುವ ಕಾಯಿ ಬುಳುಬುಳು ಎನ್ನುತ್ತದೆ, ಕೊಬ್ಬರಿಯಾದದ್ದು ಲೊಡಲೊಡ ಎನ್ನುತ್ತದೆ. ಈ ಎರಡು ಸದ್ದಿನ ವ್ಯತ್ಯಾಸ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಗಿರಿಜ ಚಿಕ್ಕಂದಿನಿಂದ ಪ್ರತಿ ವರ್ಷ ಒಂದು ಕಾಯಿಗೆ ಸುಣ್ಣದ ಬೊಟ್ಟಿಟ್ಟು, ಅದು ತನ್ನದು ಎಂದು ಅಟ್ಟದ ಮೂಲೆಯಲ್ಲಿ ಬೇರೆ ಇಡುತ್ತಿದ್ದಳು. ಆಗಾಗ ಏಣಿ ಹತ್ತಿ ಅಲ್ಲಾಡಿಸಿ ಬರುವುದು ಅವಳಿಗೊಂದು ಆಟ. ಲೆಕ್ಚರರ್ ಆದ ಮೇಲೂ ಬಿಡಲಿಲ್ಲ. ಕೊನೆಯ ಸಲ ರಜೆಗೆ ಬಂದು ಹೊರಟಾಗ, ಪೆಟ್ಟಿಗೆಯಿಂದ ಸೀರೆ ತೆಗೆದಿಟ್ಟು ಜಾಗ ಮಾಡಿ, ಬೊಟ್ಟಿಟ್ಟ ಹೊಸ ಕಾಯಿಯನ್ನು ತುರುಕಿಕೊಂಡಳು. "ಆ ಥಂಡಿ ಊರಲ್ಲಿ ಅದೆಲ್ಲಿ ಕೊಬ್ಬರಿ ಆಗುತ್ತೆ, ಕೊಳೆತೋಯ್ತದೆ ಕಣೇ" ಎಂದು ರೇಗಿಸಿದೆ. "ಕೊಳೆತ್ರೆ ಕೊಳೀಲಿ ಬುಡಣ್ಣ" ಎಂದಳು.

ಅವಳು ಹೋಗಿ ಮುಟ್ಟುವ ಹೊತ್ತಿಗೆ ಅಲ್ಲಿ ಮಳೆ ಹಿಡಿದಿತ್ತು. ಆ ಮಳೆ ಬಿಡುವುದರೊಳಗೆ ಅವಳು ಹೋಗಿಬಿಟ್ಟಳು. ಕಾಲೇಜಿನವರು ಫೋನಿನಲ್ಲಿ ಜ್ವರ ಎಂದರು, ಎದೆಗೆ ಇಳಿಯಿತು ಎಂದರು, ಆಮೇಲೆ ತೀರಿಹೋದಳು ಎಂದರು. ದೇಹ ತರಿಸಲು ನಾನು ಎಷ್ಟು ಓಡಾಡಿದರೂ ಆಗಲಿಲ್ಲ. ಅಲ್ಲಿಯವರೇ ಮಣ್ಣು ಮಾಡಿದರು. ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ, ಹೂಳುತ್ತೇವೆ. ಅಪ್ಪನ ಸಮಾಧಿ ನಮ್ಮ ತೋಟದಲ್ಲೇ ಇದೆ. ಹಾಗಾಗಿ ಅಲ್ಲಿಂದ ತರಲು ಒಂದು ಹಿಡಿ ಬೂದಿಯೂ ಇರಲಿಲ್ಲ.

ಅವ್ವ ಅಳಲಿಲ್ಲ. ಅತ್ತಿದ್ದರೆ ನನಗೆ ಧೈರ್ಯ ಬರುತ್ತಿತ್ತು. ತಟ್ಟೆಯ ಮುಂದೆ ಕೂರುವುದು, ಎರಡು ತುತ್ತು ಕಲಸುವುದು, ಎದ್ದು ಹೋಗುವುದು, ಇಷ್ಟೇ. ಮಳೆಗಾಲ ಮುಗಿದು, ಗಿರಿಜಳ ಸಾಮಾನು ತರಲು ನಾನು ಹೊರಟ ದಿನ ನನ್ನ ಕೈ ಹಿಡಿದುಕೊಂಡಳು.

"ಸಾಮಾನು ಯಾರಿಗ್ ಬೇಕು ಕಣಪ್ಪ. ಅವಳ್ನ ಕರ್ಕೊಂಡ್ ಬಾ. ಗೊತ್ತಿಲ್ದಿರೋ ಊರ ಮಣ್ಣಾಗೆ ಒಬ್ಳೇ ಮಲಗವ್ಳೆ ಅಂದ್ರೆ ನಂಗೆ ಅನ್ನ ಗಂಟಲಲ್ಲಿ ಇಳಿಯಾಕಿಲ್ಲ."

"ಹ್ಞೂಂ ಅವ್ವ" ಎಂದೆ. ಇನ್ನೇನು ಹೇಳಲಿ? ಹೂತು ತಿಂಗಳಾದವಳನ್ನು ಹೇಗೆ ಕರೆದುಕೊಂಡು ಬರಲಿ? ಬಸ್ಸು ಹತ್ತಿದ ಮೇಲೂ ಅದೇ ಯೋಚನೆ, ವಿಮಾನದಲ್ಲೂ ಅದೇ.

ನಾನು ಇಳಿದಾಗ ಆ ಊರಿನಲ್ಲಿ ಮಳೆ ನಿಂತು ಕೆಲವೇ ದಿನವಾಗಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಗುಡ್ಡಗಳ ಮೇಲೆ, ರಸ್ತೆಯ ಬದಿ, ಮೋರಿಯ ಅಂಚಿನಲ್ಲೂ ಹಳದಿ ಹೂವು. ಮಳೆ ಹೋದ ಮೇಲೆ ಸ್ವಲ್ಪ ದಿನ ಮಾತ್ರ ಬಿಡುವ ಹೂವಂತೆ. ನಮ್ಮ ಕಡೆಯ ಹಾಗೆಯೇ ನೀಲಗಿರಿ ಮರಗಳು. ಬೆಳಗಿನ ಗಾಳಿ ಎಷ್ಟು ಹಿತವಾಗಿತ್ತೆಂದರೆ ನನಗೆ ಆ ಊರಿನ ಮೇಲೆ ಸಿಟ್ಟು ಬಂತು. ಇನ್ನೊಂದು ತಿಂಗಳು ತಡೆದಿದ್ದರೆ ಅವಳೂ ಈ ಬಿಸಿಲು ಕಾಣುತ್ತಿದ್ದಳು.

ಗಿರಿಜ ಬಾಡಿಗೆಗಿದ್ದ ಮನೆಯ ಒಡತಿ ಅಲ್ಮಾಜ್ ಎಂಬ ವಯಸ್ಸಾದ ಹೆಂಗಸು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನದೂ ಹಾಗೆಯೇ, ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ನಾನು ಬರುತ್ತೇನೆಂದು ನೆಲಕ್ಕೆ ಹಸಿ ಹುಲ್ಲು ಹರಡಿದ್ದರು. ಅಲ್ಲಿ ಬಂದವರಿಗೆ ಹಾಗೆ ಮರ್ಯಾದೆ ಮಾಡುತ್ತಾರೆ. ಕಾಫಿ ಬೀಜವನ್ನು ಕಣ್ಣೆದುರಿಗೇ ಹುರಿದು, ಕುಟ್ಟಿ, ಕಾಯಿಸಿ ಕೊಟ್ಟರು. ಕುಡಿದಾದ ಮೇಲೆ ಗಿರಿಜಳ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಯ ಕಟ್ಟೆಯ ಮೇಲೆ ಸುಣ್ಣದ ಬೊಟ್ಟಿನ ಕಾಯಿ ಕೂತಿತ್ತು.

ಗಿರಿಜ ಅದನ್ನು ಬೆಳಿಗ್ಗೆ ಎದ್ದ ಕೂಡಲೆ ಅಲ್ಲಾಡಿಸುತ್ತಿದ್ದಳಂತೆ. ಏಳಲಾಗದೆ ಹೋದಾಗ ಅಲ್ಮಾಜ್ ಅವರೇ ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರಂತೆ. "ಇನ್ನೂ ಇಲ್ಲ" ಎಂದು ಹೇಳಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು ಎಂದರು. ಹೇಳುತ್ತಲೇ ಕಾಯಿಯನ್ನು ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು. ಬುಳುಬುಳು ಎಂದಿತು. ನಾನು ಕೈಗೆ ತೆಗೆದುಕೊಂಡೆ. ನೀರು ತುಂಬಿದ ಭಾರ, ಸಿಪ್ಪೆಯಲ್ಲಿ ಮಳೆಯ ತೇವ, ತೊಟ್ಟಿನ ಹತ್ತಿರ ಬೂಷ್ಟು. ನಾನೂ ಒಮ್ಮೆ ಅಲ್ಲಾಡಿಸಿದೆ. ನೀರೇ. ಈ ವಿಷಯದಲ್ಲಿ ನನಗೆ ತಪ್ಪುವುದಿಲ್ಲ. ಜೀವಮಾನವೆಲ್ಲ ಮಾಡಿದ್ದು ಇದೊಂದೇ ಕೆಲಸ.

ಇದನ್ನು ಊರಿಗೆ ಹೊತ್ತು ಏನು ಮಾಡುವುದು, ಅವಳ ಹತ್ತಿರವೇ ಇಟ್ಟು ಬರೋಣ ಎನಿಸಿತು. ಬಟ್ಟೆ ಚೀಲಕ್ಕೆ ಹಾಕಿ ಹೆಗಲಿಗೆ ತಗುಲಿಸಿಕೊಂಡೆ. ಅಲ್ಮಾಜ್ ಜೊತೆ ಟ್ಯಾಕ್ಸಿಯಲ್ಲಿ ಹೊರಟೆ. ದಾರಿಯಲ್ಲಿ ಎಲ್ಲೂ ಇಳಿಯಲಿಲ್ಲ, ಚೀಲ ನನ್ನ ತೊಡೆಯ ಮೇಲೇ ಇತ್ತು.

ಊರಾಚೆ ಗುಡ್ಡದ ಇಳಿಜಾರಿನಲ್ಲಿ ಸ್ಮಶಾನ. ನಡು ಮಧ್ಯಾಹ್ನ, ಒಳ್ಳೆಯ ಬಿಸಿಲು. ಅವಳ ಸಮಾಧಿಯ ಮಣ್ಣು ಮಳೆಗೆ ಕುಸಿದು ತಗ್ಗಾಗಿತ್ತು. ಅದರ ಮೇಲೂ ಹಳದಿ ಹೂವು. ಮನೆಯಿಂದ ತಂದಿದ್ದ ವಿಭೂತಿಯನ್ನು ತಲೆಯ ಕಡೆಯ ಕಲ್ಲಿಗೆ ಹಚ್ಚಿದೆ. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕೂತು ಗಟ್ಟಿಯಾಗಿ, ಮನೆಯಲ್ಲಿ ಮಾತಾಡುವ ಹಾಗೆಯೇ ಹೇಳಿದೆ: "ಗಿರಿ, ಅವ್ವ ಕರೀತವ್ಳೆ. ಎದ್ದೇಳು, ಊರಿಗೆ ಹೋಗಣ." ಅಷ್ಟು ಹೇಳುವುದರೊಳಗೆ ಅಳು ಬಂತು. ಎಷ್ಟೋ ಹೊತ್ತು ಅತ್ತೆ. ಅವಳು ಸತ್ತ ಸುದ್ದಿ ಬಂದಾಗಿನಿಂದ ಮನೆಯಲ್ಲಿ ಎಲ್ಲರಿಗೂ ನಾನೇ ಸಮಾಧಾನ ಹೇಳಬೇಕಾಗಿತ್ತು, ಅಳಲು ಆಗಿರಲಿಲ್ಲ.

ಸಮಾಧಾನವಾದ ಮೇಲೆ ಕಾಯಿಯನ್ನು ಅಲ್ಲಿಡಲು ಚೀಲಕ್ಕೆ ಕೈ ಹಾಕಿದೆ. ಕೈಗೆ ಹಗುರ ಎನಿಸಿತು. ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ಲೊಡಲೊಡ ಎಂದಿತು.

ಮತ್ತೆ ಅಲ್ಲಾಡಿಸಿದೆ. ಹನಿ ನೀರಿನ ಸದ್ದಿಲ್ಲ. ನಮ್ಮ ಅಟ್ಟದಲ್ಲಿ ವರ್ಷ ಪೂರ್ತಿ ಇದ್ದ ಕಾಯಿಯ ಸದ್ದು. ಸಿಪ್ಪೆ ಗರಿಗರಿ ಒಣಗಿತ್ತು. ತೊಟ್ಟಿನ ಹತ್ತಿರದ ಬೂಷ್ಟಿನ ಕಲೆ ಅಲ್ಲೇ ಇತ್ತು, ಸುಣ್ಣದ ಬೊಟ್ಟು ಅಲ್ಲೇ ಇತ್ತು. ಅಲ್ಮಾಜ್ ಅವರ ಕೈಗೆ ಕೊಟ್ಟೆ. ಅವರು ಅಲ್ಲಾಡಿಸಿದರು, ನನ್ನ ಮುಖ ನೋಡಿದರು, ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನಂತರ ಕಾಯಿಯನ್ನು ಸಮಾಧಿಯ ಮೇಲಿಡದೆ ನನ್ನ ಚೀಲಕ್ಕೇ ವಾಪಸ್ ಹಾಕಿದರು. "ಮನೆಗೆ" ಎಂದರು. ಅಷ್ಟೇ.

ಒಣ ಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತದೆಂದು ವಿಮಾನದಲ್ಲಿ ಬಿಡುವುದಿಲ್ಲ. ವ್ಯಾಪಾರಿಯಾದ ನನಗೆ ಅದು ಗೊತ್ತು. ಗಿರಿಜಳ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ, ಯಾರೂ ಕೇಳಲಿಲ್ಲ. ಅದನ್ನು ವಿಚಿತ್ರ ಎಂದು ನಾನು ಹೇಳುವುದಿಲ್ಲ, ಎಷ್ಟೋ ಪೆಟ್ಟಿಗೆಗಳು ಹಾಗೆ ದಾಟುತ್ತವೆ.

ಮನೆಗೆ ಬಂದು ಕಾಯಿಯನ್ನು ಅವ್ವನ ಮಡಿಲಿಗೆ ಹಾಕಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವ್ವ ಅಲ್ಲಾಡಿಸಿ ನೋಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಮೊದಲ ಸಲ ಅತ್ತಳು. ಅಕ್ಕಪಕ್ಕದವರು ಓಡಿ ಬರುವ ಹಾಗೆ ಅತ್ತಳು. ಆಮೇಲೆ ಮುಖ ತೊಳೆದು ಊಟ ಮಾಡಿದಳು.

ನನಗೆ ಮಾತ್ರ ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಕಾಯಿ ಎತ್ತಿಕೊಂಡು ಹಿತ್ತಲಲ್ಲಿ ಸುಲಿಯಲು ನಿಂತೆ. ಒಳಗಿರುವುದು ಕೊಬ್ಬರಿಯೋ, ಕೊಳೆತ ತಿರುಳೋ, ಇನ್ನೇನೋ, ಅದೊಂದು ತಿಳಿದರೆ ಸಾಕಿತ್ತು. ಅವ್ವ ಬಾಗಿಲಲ್ಲಿ ಬಂದು ನಿಂತಳು.

"ಏನ್ಲಾ ಮಾಡ್ತಿದೀಯ?"

"ಒಳಗೇನೈತೆ ಅಂತ ನೋಡ್ತೀನಿ ಅವ್ವ."

"ಅಷ್ಟು ದೂರದಿಂದ ಕರ್ಕೊಂಡ್ ಬಂದೆ. ಈಗ ಅವಳ್ನ ಒಡೆದು ನೋಡ್ತೀಯೇನ್ಲಾ?"

ಕಾಯಿ ಕೆಳಗಿಟ್ಟೆ. ಅವತ್ತೇ ಅಪ್ಪನ ಸಮಾಧಿಯ ಪಕ್ಕ ಗುಂಡಿ ತೆಗೆದು, ವಿಭೂತಿ, ಬಿಲ್ವಪತ್ರೆ ಹಾಕಿ, ಮನುಷ್ಯರನ್ನು ಮಣ್ಣು ಮಾಡುವ ಹಾಗೆಯೇ ಮಾಡಿದೆವು.

ಇದಾಗಿ ಕೆಲವು ವರ್ಷಗಳಾದವು. ಎತ್ತರದ ಊರಿನಲ್ಲಿ ಕಿವಿ ಕಟ್ಟುತ್ತದೆ, ಸದ್ದು ಬೇರೆಯಾಗಿ ಕೇಳುತ್ತದೆ ಎಂದು ಪರಿಚಯದ ಡಾಕ್ಟರೊಬ್ಬರು ಹೇಳಿದರು. ಭಾರ ನೋಡಿದ ಕೈ ಕೂಡ ಕಟ್ಟುತ್ತದೆಯೇ ಎಂದು ಕೇಳಿದೆ, ಅವರು ಮಾತು ಬದಲಿಸಿದರು. ದುಃಖದಲ್ಲಿ ಹಾಗೆಲ್ಲ ಆಗುತ್ತದೆ ಎಂದವರೂ ಇದ್ದಾರೆ. ಆಗಬಹುದು. ನಂಬಿಬಿಡು ಎಂದರೆ ನನ್ನ ಬುದ್ಧಿ ಇವತ್ತಿಗೂ ಒಪ್ಪುವುದಿಲ್ಲ. ನಂಬದೆ ಇರಲು ಹೋದರೆ, ನಾವು ತೋಟದಲ್ಲಿ ಹೂತದ್ದು ಬರೀ ಒಂದು ತೆಂಗಿನಕಾಯಿ, ನನ್ನ ತಂಗಿ ಇನ್ನೂ ಆ ಗುಡ್ಡದ ಇಳಿಜಾರಿನಲ್ಲಿ ಒಬ್ಬಳೇ ಮಲಗಿದ್ದಾಳೆ.