ರತ್ನವ್ವನ ಹೆಸರಿನಲ್ಲಿ ಒಂದು ದಿನ

ಆಗೆಲ್ಲ ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮೂರ ಶಾಲೆ ಖಾಲಿ. ಧಾರವಾಡದ ಹತ್ತಿರದ ಹಳ್ಳಿ. ಹೆಣ್ಣುಮಕ್ಕಳ ಶಾಲೆಗೆ ಇದ್ದದ್ದು ಒಂದೇ ಖೋಲಿ, ಒಬ್ಬರೇ ಅಕ್ಕೋರು. ಕಲಿಸುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಅಂತಲೇ ಕರೆಯುವುದು. ಸಿಡ್ನಿಯಲ್ಲಿ ನೀವೆಲ್ಲ ಅಜ್ಜಿ ಟೀಚರ್ ಎಂದು ಕರೆದದ್ದು ಅವರನ್ನೇ. ಅವರು ತೀರಿಕೊಂಡ ಮೇಲೆ ನೆನಪಿನ ಪುಸ್ತಕ ಮಾಡುತ್ತೇವೆ, ಅವರ ಊರಿನವರು ಈ ದೇಶದಲ್ಲಿ ನೀವೊಬ್ಬರೇ, ಬರೆದುಕೊಡಿ ಎಂದು ಫೋನ್ ಮಾಡಿದಿರಿ. ಹೊಗಳುವ ಮಾತು ಬೇರೆಯವರು ಬರೆದಿರುತ್ತಾರೆ. ನಾನು ನಡೆದದ್ದನ್ನು ಬರೆಯುತ್ತೇನೆ.

ನನಗೆ ಒಂಬತ್ತು ವರ್ಷ. ಎರಡನೇ ಇಯತ್ತೆಯಲ್ಲೇ ಶಾಲೆ ಬಿಡಿಸಿದ್ದರು. ಅವ್ವ ಹೊಲಕ್ಕೆ ಹೋದರೆ ಕೂಸನ್ನು ನೋಡುವವರು ಬೇಕಲ್ಲ. ಆ ಕೂಸು, ನನ್ನ ತಂಗಿ, ಸದಾ ನನ್ನ ಸೊಂಟದ ಮೇಲೆ. ಓರಗೆಯವರು ಕಟ್ಟೆಯ ಮೇಲೆ ಹರಳು ಆಡುತ್ತಿದ್ದರೆ ನಾನು ಶಾಲೆಯ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಒಳಗಿನಿಂದ ಒದ್ದೆ ಪಾಟಿ, ಬಳಪದ ವಾಸನೆ, ಸಾರಿಸಿದ ನೆಲದ ವಾಸನೆ. ಮಗ್ಗಿ ಅಲ್ಲೇ ಬಾಯಿಪಾಠವಾಯಿತು. ಒತ್ತಕ್ಷರಗಳನ್ನು ತಂಗಿಯ ಬೆನ್ನ ಮೇಲೆ ಬೆರಳಿನಿಂದ ಬರೆದು ಕಲಿತೆ. ಅವಳಿಗೆ ಕಚಗುಳಿಯಾಗಿ ನಕ್ಕಳೆಂದರೆ ಅಕ್ಕೋರು ಇಬ್ಬರನ್ನೂ ಓಡಿಸುತ್ತಿದ್ದರು.

ಆ ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ಬರುವ ಸುದ್ದಿ ಬಂತು. ಹೆಚ್ಚಿನ ಹುಡುಗಿಯರು ಹತ್ತಿಯ ಹೊಲದಲ್ಲಿ. ಹಾಜರಿ ಕಡಿಮೆ ಕಂಡರೆ ಶಾಲೆ ಮುಚ್ಚುತ್ತಾರೆಂದು ಅಕ್ಕೋರಿಗೆ ಭಯ. ಅವರಿಗಾದರೂ ಆಗ ಎಷ್ಟು ವಯಸ್ಸು, ಇಪ್ಪತ್ತೋ ಇಪ್ಪತ್ತೊಂದೋ. ಹೊತ್ತು ಏರುವ ಮೊದಲೇ ನಮ್ಮ ಬಾಗಿಲಿಗೆ ಬಂದರು.

"ಗೌರವ್ವ, ಇವತ್ತೊಂದಿನ ಸಾಲಿಗೆ ಬಂದು ಕುಂದ್ರು. ರತ್ನವ್ವ ಅಂತ ಕರೀತೀನಿ, ಹಾಜರ್ ಅನ್ನು. ಬಾಯಿ ಮಾತ್ರ ತೆಗೀಬ್ಯಾಡ."

"ನಾಳಿಗೆ?"

"ನಾಳೆ ನಿಮ್ಮವ್ವನ ಕೂಡ ಮಾತಾಡಿ ನಿನ್ನ ಹೆಸರು ಹಚ್ಚತೀನಿ. ಬೇಕಾದ್ರ ಕೂಸನ್ನೂ ಎತ್ಕೊಂಡು ಬಾ."

ರತ್ನವ್ವ ಅಂದರೆ ಹತ್ತಿ ಬಿಡಿಸಲು ಹೋಗಿದ್ದ ಒಬ್ಬ ಹುಡುಗಿ. ತಂಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೋಗಿ ಅವಳ ಜಾಗದಲ್ಲಿ ಕುಳಿತೆ. ಸಾಹೇಬರಿಗೆ ಒಗ್ಗರಣೆ ಅವಲಕ್ಕಿ ಬಂತು. ಆ ವಾಸನೆಗೆ ನಮ್ಮ ಹೊಟ್ಟೆಯೆಲ್ಲ ಚುರುಚುರು. ಅವರು ತಿಂದು, ಚಹಾ ಕುಡಿದು, ಹನ್ನೆರಡು ಎಂಟಲೆ ಎಷ್ಟು ಎಂದು ಕೇಳಿದರು. ಯಾರೂ ಏಳಲಿಲ್ಲ. ಅಕ್ಕೋರು ನನ್ನ ಕಡೆ ನೋಡಿ ಬೇಡ ಎಂದು ಕಣ್ಣುಸನ್ನೆ ಮಾಡಿದರು. ನಾನು ಎದ್ದು ತೊಂಬತ್ತಾರು ಅಂದೆ. ಅಷ್ಟಕ್ಕೆ ಸುಮ್ಮನಾಗಲಿಲ್ಲ, ಕೇಳದಿದ್ದ ಮಗ್ಗಿಯನ್ನೂ ಹೇಳಿದೆ, ಹಲಗೆಯ ಮೇಲಿದ್ದ ಪಾಠವನ್ನೂ ಓದಿಬಿಟ್ಟೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಭಾಳ ಶಾಣ್ಯಾಕಿ ಇದ್ದೀಯಲ್ಲ. ಏನ್ ನಿನ್ನ ಹೆಸರು?"

"ರತ್ನವ್ವ ರೀ."

"ಮುಂದಿನ ವರ್ಷ ಬಂದು ಇಪ್ಪತ್ತರ ಮಗ್ಗಿ ಕೇಳ್ತೀನಿ, ರತ್ನವ್ವ."

ಮರುದಿನ ಅಕ್ಕೋರು ಬರಲಿಲ್ಲ. ಅದರ ಮರುದಿನ ನಾನೇ ಹೋಗಿ ಶಾಲೆಯ ಬಾಗಿಲಲ್ಲಿ ನಿಂತೆ. ಹೆಸರು ಹಚ್ಚಿರಿ ಅಂದೆ. ಅವರು ಹೊರಗೆ ಬಂದು ಸಣ್ಣ ದನಿಯಲ್ಲಿ ಬೈದರು.

"ಹೆಂಗ ಹಚ್ಚಲಿ? ಮುಂದಿನ ವರ್ಷ ಅವರು ಬಂದು ರತ್ನವ್ವ ಎಲ್ಲಿ ಅಂತಾರ. ನೀ ಗೌರವ್ವ ಆಗಿ ಕುಂತಿರ್ತಿ. ನನ್ನ ನೌಕರಿ ಉಳಿತೈತೇನು? ಬಾಯಿ ತೆಗೀಬ್ಯಾಡ ಅಂದಿದ್ನೋ ಇಲ್ಲೋ?"

ಅಂದಿದ್ದರು, ಸುಳ್ಳಲ್ಲ. ಮೂಕಿಯ ಹಾಗೆ ಕುಳಿತಿದ್ದರೆ ಸಾಹೇಬರಿಗೆ ನನ್ನ ಮುಖ ನೆನಪಿರುತ್ತಿರಲಿಲ್ಲ, ನನ್ನ ಹೆಸರೂ ಹತ್ತುತ್ತಿತ್ತು. ಮಾರನೆಯ ವಾರದಿಂದ ನಾನೂ ಹತ್ತಿ ಬಿಡಿಸಲು ಹೋದೆ. ಒಣಗಿದ ಕಾಯಿಯ ತುದಿ ಚುಚ್ಚಿ ಬೆರಳೆಲ್ಲ ಗಾಯ. ಅಕ್ಕೋರು ನಮ್ಮ ಓಣಿಯಲ್ಲಿ ಓಡಾಡುವುದನ್ನೇ ಬಿಟ್ಟರು. ಮುಂದೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು, ನನಗೆ ಮದುವೆಯಾಯಿತು. ಮತ್ತೆ ಭೇಟಿಯಿಲ್ಲ.

ಈಗ ನಾನಿರುವುದು ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ, ಮಗಳ ಮನೆ. ಎರಡು ವರ್ಷದ ಹಿಂದೆ ಬಳಗದವರ ಕೂಸಿನ ತೊಟ್ಟಿಲ ಕಾರ್ಯಕ್ಕೆ ಸಿಡ್ನಿಯ ದಿ ಪಾಂಡ್ಸ್‌ಗೆ ಹೋಗಿದ್ದೆ. ಧಾರವಾಡ ಕಡೆಯ ಒಬ್ಬ ಅಜ್ಜಿ ಹತ್ತಿರದ ಕೆಲ್ಲಿವಿಲ್‌ನಲ್ಲಿ ಮಗನ ಮನೆಯ ಗ್ಯಾರೇಜಿನಲ್ಲಿ ಕನ್ನಡ ಕಲಿಸುತ್ತಾರೆ ಎಂದು ಅಲ್ಲಿ ಯಾರೋ ಅಂದರು. ಹೆಸರು ಕೇಳಿದರೆ ನಮ್ಮ ಅಕ್ಕೋರೇ. ಶನಿವಾರ ಹೋದೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಅಕ್ಕೋರು, ಆ ಮಕ್ಕಳು ದೊಡ್ಡವರಾದ ಮೇಲೆ ಸುತ್ತಲಿನವರ ಮಕ್ಕಳಿಗೆ ಕಲಿಸತೊಡಗಿದ್ದರು. ಕಾರು ನಿಲ್ಲುವ ಜಾಗದಲ್ಲಿ ಜಮಖಾನೆ, ಅದರ ಮೇಲೆ ಹತ್ತು ಹನ್ನೆರಡು ಮಕ್ಕಳು.

"ಅನನ್ಯಾ, ನಿನ್ನೆ ಏನ್ ಉಂಡಿ?"

"ಪಾಸ್ತಾ, ಅಜ್ಜಿ ಟೀಚರ್. ವಿತ್ ಚೀಸ್."

"ಕನ್ನಡದಾಗ ಹೇಳವಾ."

"ಪಾಸ್ತಾ. ಚೀಸ್ ಕೂಡ."

ಅಕ್ಕೋರು ನಕ್ಕರು. ನಮ್ಮೂರ ಶಾಲೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮಕ್ಕಳು ಹೋದ ಮೇಲೆ ಊರಿನ ಹೆಸರು ಹೇಳಿದೆ. ಅವರು ಹತ್ತಿರ ಬಂದು ನನ್ನ ಮುಖ ನೋಡಿದರು.

"ಗೌರವ್ವ ಏನು?"

"ರತ್ನವ್ವ ಅನ್ನಲಿಲ್ಲ, ಅಷ್ಟ ಪುಣ್ಯಾ."

ಅವರು ನಗಲಿಲ್ಲ. "ಮುಂದಿನ ವರ್ಷ ಆ ಸಾಹೇಬ್ರು ಬರಲೇ ಇಲ್ಲವ್ವಾ. ಬ್ಯಾರೆಯವರು ಬಂದ್ರು," ಅಂದರು.

ಕೂರಲು ಆಗಲಿಲ್ಲ. ಎದ್ದು ಗ್ಯಾರೇಜಿನ ಬಾಗಿಲವರೆಗೆ ಹೋದೆ, ಮತ್ತೆ ಬಂದೆ.

"ಮತ್ತ ಅವಾಗರೆ ಯಾಕ ಕರೀಲಿಲ್ರಿ?"

"ನಾಚಿಕಿ. ನಿನ್ನ ಮಾರಿ ನೋಡಬೇಕಾಗ್ತೈತಿ ಅಂತ ಸುತ್ತುಹಾಕಿ ಹೊಲದ ಹಾದೀಲೆ ಹೋಗ್ತಿದ್ದೆ."

"ನಿಮ್ಮ ನಾಚಿಕ್ಯಾಗ ನನ್ನ ಸಾಲಿ ಹೋತು."

"ಹೌದು," ಅಂದರು. ಬೇರೆ ನೆಪ ಹೇಳಲಿಲ್ಲ. ಹೇಳಿದ್ದರೆ ಬೈದು ಹಗುರಾಗುತ್ತಿದ್ದೆ. ಆಮೇಲೆ ಅವರೇ, "ಒಂದು ತಿಂಗಳು ಇಲ್ಲೇ ಇರು. ನನ್ನ ಖೋಲ್ಯಾಗ ಜಾಗ ಐತಿ. ಮುಂಜಾನಿ ಇಬ್ಬರೂ ಕುಂತು ಓದೋಣು, ಬರಿಯೋಣು," ಎಂದರು.

"ಮಗಳ ಮನ್ಯಾಗ ಕೆಲಸ ಭಾಳ ಅದಾವ್ರಿ," ಅಂದು ಚಪ್ಪಲಿ ಮೆಟ್ಟಿದೆ.

ಅದಾದ ಮೇಲೆ ಅವರು ಎರಡು ಸಲ ಫೋನ್ ಮಾಡಿದರು. ಟಿಕೆಟ್ ಬುಕ್ ಮಾಡಲೇನವ್ವ ಎಂದು ಮಗಳೂ ಕೇಳಿದಳು. ಎಲ್ಲರಿಗೂ ಅದೇ ಉತ್ತರ ಕೊಟ್ಟೆ. ಸಿಟ್ಟು ಇಳಿಯಲಿ, ಹೋದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಅವರೇ ಹೋದರು. ಒಂಬತ್ತನೆಯ ವರ್ಷದಲ್ಲಿ ನನ್ನ ಶಾಲೆ ತಪ್ಪಿಸಿದ್ದು ಅವರು. ಈ ಸಲದ್ದಕ್ಕೆ ಯಾರನ್ನು ಬೈಯಲಿ? ಇಲ್ಲಿ ಪಾತ್ರೆಯನ್ನು ಮಷೀನು ತೊಳೆಯುತ್ತದೆ. ಮಗಳು, ಅಳಿಯ ಎಂಟಕ್ಕೆ ಹೋದರೆ ಬರುವುದು ಆರಕ್ಕೆ. ಅಲ್ಲಿಯವರೆಗೆ ನಾನು ಈ ಖೋಲಿಯಿಂದ ಆ ಖೋಲಿಗೆ ಓಡಾಡುತ್ತೇನೆ. ಕೆಲಸ ಅಂತ ಒಂದೂ ಇರಲಿಲ್ಲ.