ಭಾನುವಾರದ ರಿಪೇರಿ

ನಮ್ಮ ಭಾವನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಭಾವ ಅಂದರೆ ನಮ್ಮಕ್ಕನ ಗಂಡ. ನಲ್ಲಿ, ಪೈಪು, ನೀರಿನ ಟ್ಯಾಂಕು ಇವುಗಳ ಕೆಲಸ. ಯಾವ ನಲ್ಲಿ ಸೋರಿದರೂ ಅದಕ್ಕೆ ಸರಿಹೊಂದುವ ವಾಷರು ಅವರ ಜೇಬಿನಲ್ಲೇ ಇರುತ್ತಿದ್ದುದರಿಂದ ಬೀದಿಗೆಲ್ಲ ವಾಷರಣ್ಣ. ನಾನು ಗ್ರಿಲ್ಲಿಗೆ ಬೆಸುಗೆ ಹಾಕುವವನು, ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ದೊಡ್ಡ ಮಾತು ಬರೆಯಲು ಬರುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ.

ಹದಿನೆಂಟು ವರ್ಷದ ಹಿಂದೆ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಿಂತು ಭಾವ ಹಗ್ಗದಲ್ಲಿ ಕಬ್ಬಿಣದ ಪೈಪು ಎಳೆಯುತ್ತಿದ್ದರು. ಮೊಬೈಲು ಕೊಂಡು ಹದಿನೈದು ದಿನ ಆಗಿತ್ತಷ್ಟೇ. ಅದು ಬಡಿದುಕೊಂಡಿತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಫೋನು. ಹಗ್ಗ ಜಾರಿತು. ಕೆಳಗೆ ಅವರ ಗೆಳೆಯರಾದ ಗಾರೆ ಮೇಸ್ತ್ರಿ ಗೋಡೆ ಕಟ್ಟುತ್ತಿದ್ದರು. ಪೈಪು ಬಿದ್ದು ಮೇಸ್ತ್ರಿಯ ಬಲಗೈಯ ನಾಲ್ಕು ಬೆರಳು ಹೋದವು. ಆಮೇಲೆ ಅವರು ಗಾರೆ ಮೆತ್ತುವ ಕರಣೆ ಹಿಡಿಯಲಿಲ್ಲ. ಆ ಫೋನು ರಾಂಗ್ ನಂಬರಂತೆ.

ಅವತ್ತಿನಿಂದ ಭಾವ ಫೋನು ಮುಟ್ಟಲಿಲ್ಲ. ಪ್ರತಿ ಭಾನುವಾರ ಚರ್ಚಿನ ಆರಾಧನೆ ಮುಗಿಯುತ್ತಲೇ ಸಾಮಾನಿನ ಚೀಲ ಹೆಗಲಿಗೇರಿಸಿ ಮೇಸ್ತ್ರಿ ಮನೆಗೆ ಹೋಗುತ್ತಿದ್ದರು. ನಲ್ಲಿ, ಚಿಲಕ, ಸೋರುವ ಸೂರು, ಕಿಟಕಿಯ ಕೊಂಡಿ. ಜ್ವರ ಬಂದರೂ ಹೋದರು. ಮಗಳ ಮದುವೆಯ ಮಾರನೇ ದಿನವೂ ಹೋದರು.

ನಮ್ಮ ಪಾಸ್ಟರು ವಾರವಾರವೂ ಹೇಳುವುದು ಒಂದೇ. ದೇವರ ಕೃಪೆ ಪುಕ್ಕಟೆ, ಒಳ್ಳೇ ಕೆಲಸ ಮಾಡಿ ಗಳಿಸುವಂಥದ್ದಲ್ಲ, ಕೈಚಾಚಿ ತಗೊಳ್ಳುವುದಷ್ಟೇ ನಮ್ಮ ಪಾಲಿಗಿರುವುದು ಅಂತ. ಕೇಳುವವರು ಯಾರು? ಫೋನಿನಲ್ಲಿ ಬೈಬಲ್ ವಾಕ್ಯ ಓದುವವರ ಹಾಗೆ ತಲೆ ಬಗ್ಗಿಸಿ ಒಬ್ಬ ಆಟ ನೋಡುತ್ತಾನೆ, ಇನ್ನೊಬ್ಬಳು ಸೀರೆ ನೋಡುತ್ತಾಳೆ. ನಾನೇನು ಸಾಚಾ ಅಲ್ಲ, ಗ್ರಿಲ್ಲಿನ ಡಿಸೈನು ನೋಡುತ್ತಿರುತ್ತೇನೆ. ಫೋನಿಲ್ಲದ ಭಾವ ಒಬ್ಬರೇ ನೆಟ್ಟಗೆ ಕೂತಿರುತ್ತಿದ್ದರು. ಅವರಾದರೂ ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅವರ ತಲೆಯಲ್ಲಿ ಮೇಸ್ತ್ರಿ ಮನೆಯ ಪೈಪು ಓಡಾಡುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಈ ವರ್ಷ ಭಾವನಿಗೆ ಎದೆನೋವು ಬಂತು. ಏಣಿ ಹತ್ತಬಾರದು, ಭಾರ ಎತ್ತಬಾರದು ಅಂದರು ಡಾಕ್ಟರು. ಮುಂದಿನ ಭಾನುವಾರ ಭಾವ ಚೀಲ ಎತ್ತಿಕೊಂಡರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಸತ್ತೋಗ್ತೀರಿ ರೀ."

"ಅವರ ಬಚ್ಚಲಿನ ನಲ್ಲಿ ಹೋದ ವಾರಾನೇ ಅಲ್ಲಾಡ್ತಿತ್ತು ಕಣೇ. ಸರಿ, ದಾರಿ ಬಿಡು."

ಹೋಗಿಯೇ ಬಿಟ್ಟರು. ಸಂಜೆ ಬೆವರಿಳಿಸಿಕೊಂಡು ಬಂದು ಹಾಸಿಗೆಗೆ ಬಿದ್ದರು. ಮಾರನೇ ದಿನ ಅಕ್ಕ ನನ್ನನ್ನು ಕರೆಸಿದಳು. "ನೀನು ಹೋಗಿ ಆ ಮೇಸ್ತ್ರಿಗೆ ಹೇಳು, ಇವರನ್ನ ದುಡಿಸ್ಕೊಂಡಿದ್ದು ಸಾಕು ಅಂತ. ಬಾಯಿ ಮಾತ್ರ ಜಾರಬೇಡ."

ಬಾಯಿ ಜಾರದೆ ಇರಲು ನಾನೇನು ಪಾಸ್ಟರೇ? ಹೊಸ್ತಿಲಲ್ಲೇ ಶುರು ಮಾಡಿದೆ. "ಏನ್ ಮೇಸ್ತ್ರಿ, ನಿಮ್ಮ ನಾಲ್ಕು ಬೆರಳಿಗೆ ನಮ್ಮ ಭಾವನ ಹೆಣ ಬೇಕಾ?"

ಮೇಸ್ತ್ರಿ ಎಡಗೈಯಲ್ಲಿ ಕುರ್ಚಿ ಎಳೆದು ಹಾಕಿದರು. "ಕೂತ್ಕೊಂಡು ಬೈಯಪ್ಪ. ನಿಂತು ಬೈದ್ರೆ ಬೇಗ ಸುಸ್ತಾಗುತ್ತೆ."

ಕೂತೆ.

"ಆಸ್ಪತ್ರೆಯಲ್ಲೇ ಹೇಳ್ದೆ ಅವನಿಗೆ," ಅಂದರು ಮೇಸ್ತ್ರಿ. "ನನ್ನ ಮನಸಲ್ಲಿ ಏನೂ ಇಲ್ಲ ಕಣೋ, ಬಿಟ್ಟುಬಿಡು ಅಂತ. ಮಂಚದ ಕಾಲು ಅಲ್ಲಾಡ್ತಿದೆ ಅಂತ ಅಡೀಲಿ ತೂರ್ಕೊಂಡಿದ್ದ. ಆಮೇಲೂ ಎಷ್ಟೋ ಸಲ ಹೇಳಿದೀನಿ. ನಾನು ಬಾಯಿ ತೆಗೆದ್ರೆ ಅವನು ಡ್ರಿಲ್ಲಿಂಗ್ ಮಿಷನ್ ಆನ್ ಮಾಡ್ತಾನೆ."

"ಹಂಗಾದ್ರೆ ಬರಬೇಡ ಅನ್ನಬೇಕಿತ್ತು."

"ಅಂದೆ. ಮೂರು ಗಂಟೆ ಹೊತ್ತು ಗೇಟಿನ ಹತ್ರ ಬಿಸಿಲಲ್ಲಿ ಕೂತಿದ್ದ."

ಬಟ್ಟೆ ಮಡಿಸುತ್ತಿದ್ದ ಅವರ ಸೊಸೆ ನಗು ತಡೆದುಕೊಂಡಳು. "ಅಣ್ಣ, ಈ ಮನೇಲಿ ಕೆಡೋಕೆ ಏನೂ ಉಳಿದಿಲ್ಲ. ಶನಿವಾರ ಸಂಜೆ ನಾನೇ ಎಲ್ಲಾದ್ರೂ ಒಂದು ತಿರುಪು ಸಡಿಲ ಮಾಡಿಡ್ತೀನಿ. ಕೆಲಸ ಸಿಗದೇ ಇದ್ರೆ ಅವರ ಮುಖ ನೋಡೋಕಾಗಲ್ಲ. ನಾನು ಈ ಮನೆಗೆ ಬಂದಾಗ ಮಾವ ಮೊದಲು ಕಲಿಸಿದ್ದೇ ಇದು."

ಹೊತ್ತು ತಂದಿದ್ದ ಬೈಗುಳವನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

"ಮುಂದಿನ ವಾರಾನೂ ಬರ್ಲಿ," ಅಂದರು ಮೇಸ್ತ್ರಿ. "ಚೀಲ ಬಿಟ್ಟು ಬರ್ಲಿ. ಹದಿನೆಂಟು ವರ್ಷದಿಂದ ನಾನು ಅವನ ಬೆನ್ನನ್ನೇ ನೋಡ್ತಿದೀನಿ."

ಮನೆಗೆ ಬಂದು ಭಾವನಿಗೆ ಎಲ್ಲ ಹೇಳಿದೆ. ತಿರುಪಿನ ಸಂಗತಿ ಹೇಳಬಾರದಿತ್ತು, ಹೇಳಿಬಿಟ್ಟೆ.

"ಬೇಕಂತ ಸಡಿಲ ಮಾಡ್ತಿದ್ರಾ?" ಭಾವನ ಮುಖ ಇಳಿದುಹೋಯಿತು. "ನಾನು ಏನೋ ಸರಿ ಮಾಡ್ತಿದೀನಿ ಅಂದ್ಕೊಂಡಿದ್ದೆನಲ್ಲೋ."

"ಅವರು ಅವತ್ತೇ ಕ್ಷಮಿಸಿದ್ರಂತೆ ಭಾವ."

"ಅವತ್ತೇ ಅಂದ್ರೆ ಏನೋ? ಆಮೇಲೆ ನಾನು ಮಾಡಿದ್ದೆಲ್ಲ ಏನು ಹಂಗಾದ್ರೆ?"

ಭಾವ ಗೋಡೆಗೆ ಮುಖ ಮಾಡಿ ಮಲಗಿದರು. ಎರಡು ಭಾನುವಾರ ಆರಾಧನೆಗೂ ಬರಲಿಲ್ಲ. ಊಟ ಅರ್ಧಕ್ಕೇ ಬಿಡುತ್ತಿದ್ದರು. ಏಣಿಯಿಂದ ಉಳಿಸಲು ಹೋಗಿ ನಾನೇ ಕೊಂದೆನೇನೋ ಅಂತ ಭಯವಾಯಿತು.

ಪಾಸ್ಟರನ್ನು ಹಿಡಿದೆ. "ಪುಕ್ಕಟೆ ಪುಕ್ಕಟೆ ಅಂತೀರಲ್ಲ ಅಯ್ಯನವರೇ, ಮೈಬಗ್ಗಿಸಿ ದುಡಿದ ಮನುಷ್ಯ ಪುಕ್ಕಟೆ ಸಿಕ್ಕಿದ್ದನ್ನ ಯಾವ ಮುಖ ಇಟ್ಕೊಂಡು ತಗೋಬೇಕು?"

"ಇರೋ ಮುಖಾನೇ ಇಟ್ಕೊಂಡು. ಬೇರೆ ಮುಖ ತರೋಕೆ ಎಲ್ಲಿಗೆ ಹೋಗ್ತಾರೆ?" ಅಂದರು. ಮುಂದೆ ಇನ್ನೇನೋ ಹೇಳುವವರಿದ್ದರು, ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಂಡು ಆಚೆ ಹೋದರು.

ಅವರ ಮಾತನ್ನೇ ತಂದು ಭಾವನ ಬೆನ್ನಿಗೆ ಹೇಳಿದೆ. ಬೆನ್ನು ಅಲ್ಲಾಡಲಿಲ್ಲ.

ಮೂರನೇ ಭಾನುವಾರ ನಾನು ಹೋದಾಗ ಭಾವ ಅಂಗಿ ಹಾಕಿಕೊಂಡು ನಿಂತಿದ್ದರು. ಚೀಲ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು. ಕೊನೆಗೆ ಅದನ್ನು ಅಲ್ಲೇ ಬಿಟ್ಟು ನನ್ನ ಬೈಕು ಹತ್ತಿದರು. ದಾರಿಯುದ್ದಕ್ಕೂ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದಿದ್ದರು.

ಮೇಸ್ತ್ರಿ ಎರಡು ಕುರ್ಚಿ ಹಾಕಿ ಕಾಯುತ್ತಿದ್ದರು. ಭಾವ ತುದಿಯಲ್ಲಿ ಕೂತರು. ಫೋಟೋ ತೆಗೆಸಲು ಕೂತವರ ಹಾಗೆ ಕೈ ಎಲ್ಲಿಡಬೇಕೋ ತಿಳಿಯದೆ ಮೊಣಕಾಲ ಮೇಲಿಟ್ಟರು, ತೆಗೆದರು. ಕಣ್ಣು ಕಿಟಕಿ, ಕದ, ಸೂರು ಎಲ್ಲ ಸುತ್ತಿ ಬಂತು. ಮೇಸ್ತ್ರಿ ತಮ್ಮ ಬಲಗೈಯನ್ನು ಅವರ ಮುಂದೆ ಚಾಚಿದರು.

"ನೋಡು."

ಭಾವ ನೋಡಿದರು. ಆಮೇಲೆ ಕೇಳಿದರು. "ನೋಯುತ್ತಾ?"

"ಚಳಿಗೆ ನೋಯುತ್ತೆ. ಇಷ್ಟು ವರ್ಷಕ್ಕೆ ಇವತ್ತು ಕೇಳ್ದೆ ನೋಡು."

ಭಾವ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಭಾವ, ಕರ್ಕೊಂಡು ಹೋಗೋಕೆ ಎಷ್ಟೊತ್ತಿಗೆ ಬರ್ಲಿ?" ಅಂದೆ.

ದಾರಿ ತಪ್ಪಿದವರ ಹಾಗೆ ನನ್ನ ಮುಖ ನೋಡಿದರು. "ಗೊತ್ತಿಲ್ಲ ಕಣೋ. ರಿಪೇರಿ ಕೆಲಸ ಆಗಿದ್ದಿದ್ರೆ ಇಷ್ಟೊತ್ತಿಗೆ ಮುಗಿಯುತ್ತೆ ಅಂತ ಹೇಳ್ತಿದ್ದೆ."

ಹೋಗಬೇಕೋ ಇರಬೇಕೋ ತಿಳಿಯದೆ ನಾನು ಗೇಟಿನ ಹತ್ತಿರ ಬೈಕು ಹಿಡಿದುಕೊಂಡು ನಿಂತೇ ಇದ್ದೆ.